ಮ್ಯಾಕ್‌ಓಎಸ್ ಬೇರೆ ಕಂಪ್ಯೂಟರಿನಲ್ಲಿ ಯಾಕೆ ಓಡಲ್ಲ? ಗಲ್ಲಾ ಎಲ್ಲಿದೆ ನೋಡಿ

2006ರಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ ಇಂಟೆಲ್ ಪ್ರೊಸೆಸರ್ ಹಾಕಲು ಶುರು ಮಾಡಿತು. ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಇರುತ್ತಿದ್ದ ಅದೇ ಇಂಟೆಲ್. ಮೆಮೊರಿಯೂ ಅಂಥದ್ದೇ, ಡಿಸ್ಕೂ ಅಂಥದ್ದೇ. ಅದೇ ವರ್ಷ ಬೂಟ್ ಕ್ಯಾಂಪ್ ಎಂಬ ಸಲಕರಣೆಯನ್ನೂ ಆಪಲ್ ಹೊರತಂದಿತು. ಅದನ್ನು ಬಳಸಿ ಮ್ಯಾಕ್ ಮೇಲೆ ವಿಂಡೋಸ್ ಹಾಕಿಕೊಳ್ಳಬಹುದಿತ್ತು.

ಅಂದರೆ ವಿಂಡೋಸ್ ಮ್ಯಾಕಿಗೆ ಬರಬಹುದಿತ್ತು, ಮ್ಯಾಕಿನ ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಆದ ಮ್ಯಾಕ್‌ಓಎಸ್ ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ. ಎರಡೂ ಕಡೆ ಒಂದೇ ಚಿಪ್ ಇದ್ದ ಮೇಲೆ ಇದು ಓಡುವುದೇ ಇಲ್ಲ ಎನ್ನಲು ಕಾರಣ ಇರಬಾರದು, ಅಲ್ವಾ?

ನಿಜ ಹೇಳಬೇಕೆಂದರೆ ಓಡುತ್ತಿತ್ತು. ಸಾಮಾನ್ಯ ಪಿಸಿಯ ಮೇಲೆ ಮ್ಯಾಕ್‌ಓಎಸ್ ಓಡಿಸಿದವರು ಸಾವಿರಾರು ಮಂದಿ. ಹಾಗೆ ಸಿದ್ಧವಾದ ಕಂಪ್ಯೂಟರಿಗೆ ಹ್ಯಾಕಿಂತೋಷ್ ಎಂಬ ಹೆಸರೂ ಬಿತ್ತು. ಆದರೆ ಅದು ಸುಮ್ನೆ ಡಿಸ್ಕ್ ಹಾಕಿ ಇನ್‌ಸ್ಟಾಲ್ ಒತ್ತಿದರೆ ಆಗುವ ಕೆಲಸವಾಗಿರಲಿಲ್ಲ. ಆಪಲ್ ದಾರಿಗೆ ಅಡ್ಡವಾಗಿ ಒಂದು ಬೀಗ ಜಡಿದಿತ್ತು. ಆ ಬೀಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಅದು ತಮಾಷೆಯಾಗಿದೆ.

ಇಂಟೆಲ್ ಮ್ಯಾಕ್‌ಗಳ ಒಳಗೆ ಎಸ್‌ಎಂಸಿ ಎಂಬ ಪುಟ್ಟ ಚಿಪ್ ಇರುತ್ತಿತ್ತು. ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು, ಬ್ಯಾಟರಿ ಎಷ್ಟು ಉಳಿದಿದೆ, ಒಳಗೆ ಶಾಖ ಎಷ್ಟು, ಇಂಥ ಚಿಲ್ಲರೆ ಕೆಲಸ ಅದರದ್ದು. ಆದರೆ ಅದರೊಳಗೆ 64 ಅಕ್ಷರಗಳ ಒಂದು ಸಾಲನ್ನೂ ಬರೆದಿಟ್ಟಿದ್ದರು. ಇಂಗ್ಲಿಷಿನಲ್ಲಿದ್ದ ಆ ಸಾಲಿನ ಅರ್ಥ ಹೀಗೆ: ನಮ್ಮ ಕಷ್ಟದ ದುಡಿಮೆಯನ್ನು ಈ ಮಾತುಗಳು ಕಾಯುತ್ತಿವೆ, ದಯವಿಟ್ಟು ಕದಿಯಬೇಡಿ. ಕೊನೆಯಲ್ಲಿ ಕಂಪನಿಯ ಹೆಸರು. ಅಷ್ಟೂ ಪದಗಳನ್ನು ನಡುವೆ ಜಾಗ ಬಿಡದೆ ಅಂಟಿಸಿ ಬರೆದದ್ದು.

ಮ್ಯಾಕ್‌ಓಎಸ್‌ನ ಕೆಲವು ಮುಖ್ಯ ಪ್ರೋಗ್ರಾಮುಗಳನ್ನು, ಉದಾಹರಣೆಗೆ ಕಡತಗಳನ್ನು ತೋರಿಸುವ ಫೈಂಡರ್, ಕೆಳಗೆ ಐಕಾನುಗಳ ಸಾಲು ತೋರಿಸುವ ಡಾಕ್, ಇವನ್ನು ಆಪಲ್ ಗೂಢಲಿಪಿಗೆ ಹಾಕಿ ಡಿಸ್ಕಿನಲ್ಲಿ ಇಡುತ್ತಿತ್ತು. ಕಂಪ್ಯೂಟರ್ ಶುರುವಾಗುವಾಗ ಓಎಸ್‌ನ ಒಂದು ಭಾಗ ಎಸ್‌ಎಂಸಿ ಚಿಪ್ಪನ್ನು ಆ 64 ಅಕ್ಷರಗಳಿಗಾಗಿ ಕೇಳುತ್ತಿತ್ತು. ಆ ಭಾಗದ ಹೆಸರೇ 'ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್'! ಉತ್ತರ ಬಂದರೆ ಅದನ್ನೇ ಬೀಗದ ಕೈ ಮಾಡಿಕೊಂಡು ಫೈಂಡರ್ ಬಿಡಿಸಿಕೊಳ್ಳುತ್ತಿತ್ತು. ಸಾಮಾನ್ಯ ಪಿಸಿಯಲ್ಲಿ ಎಸ್‌ಎಂಸಿ ಇಲ್ಲ, ಹಾಗಾಗಿ ಉತ್ತರವೂ ಇಲ್ಲ, ಪರದೆಯ ಮೇಲೆ ಏನೂ ಏಳುತ್ತಿರಲಿಲ್ಲ. ಹ್ಯಾಕಿಂತೋಷ್ ಮಾಡುವವರು ಒಂದು ಸುಳ್ಳು ಎಸ್‌ಎಂಸಿ ಕಟ್ಟಿ, ಅದೇ ಸಾಲನ್ನು ಅದರ ಬಾಯಿಂದ ಹೇಳಿಸುತ್ತಿದ್ದರು.

ಬೀಗದ ಕೈಯೇ ಕೈಮುಗಿದು ಬೇಡಿಕೊಳ್ಳುವ ಬೀಗ ಇದು. ಮುರಿಯಲು ಕಷ್ಟವಾಗಲಿ ಎಂದು ಮಾಡಿದ್ದಲ್ಲ. ಮುರಿದವನು ತಿಳಿಯದೆ ಮುರಿದೆ ಎನ್ನದಿರಲಿ ಎಂದು ಮಾಡಿದ್ದು. ಅದು ಯಾಕೆ ಮುಖ್ಯ ಎನ್ನುವುದು ಕೋರ್ಟಿನ ಕಥೆಗೆ ಬಂದಾಗ ಗೊತ್ತಾಗುತ್ತದೆ.

ಮೊದಲು ಬೀಗ ಯಾಕೆ ಎಂಬ ಪ್ರಶ್ನೆ. ಗುಣಮಟ್ಟ, ಸುರಕ್ಷತೆ, ಬಳಸುವವರ ಅನುಭವ ಅಂತ ಕಂಪನಿಗಳು ಹೇಳುತ್ತವೆ. ಅದು ಸುಳ್ಳಲ್ಲ, ಅದಕ್ಕೂ ಬರುತ್ತೇನೆ. ಆದರೆ ನನ್ನ ಲೆಕ್ಕದಲ್ಲಿ ಮೊದಲು ನೋಡಬೇಕಾದದ್ದು ಗಲ್ಲಾಪೆಟ್ಟಿಗೆ. ಒಂದು ಓಎಸ್ ಮಾಡಲು ಸಾವಿರಾರು ಎಂಜಿನಿಯರುಗಳಿಗೆ ವರ್ಷಗಟ್ಟಲೆ ಸಂಬಳ ಕೊಡಬೇಕು. ಆ ದುಡ್ಡು ಎಲ್ಲೋ ಒಂದು ಕಡೆ ವಾಪಸ್ ಬರಬೇಕು. ಎಲ್ಲಿ ಬರುತ್ತದೋ ಬೀಗ ಅಲ್ಲೇ ಬೀಳುತ್ತದೆ.

2009ರಲ್ಲಿ ಆಪಲ್ ಸ್ನೋ ಲೆಪರ್ಡ್ ಎಂಬ ಆವೃತ್ತಿಯನ್ನು 29 ಡಾಲರಿಗೆ ಮಾರಿತು. ಅದರ ಹಿಂದಿನದ್ದಕ್ಕೆ 129 ಡಾಲರ್ ಇತ್ತು. 2012ರ ಆವೃತ್ತಿ 20 ಡಾಲರಿಗೆ ಇಳಿಯಿತು. 2013ರ ಅಕ್ಟೋಬರಿನಲ್ಲಿ ಬಂದ ಮ್ಯಾವೆರಿಕ್ಸ್ ಪೂರ್ತಿ ಪುಕ್ಕಟೆ. ಓಎಸ್ ಮಾಡುವ ಖರ್ಚೇನೂ ಇಳಿದಿರಲಿಲ್ಲ. ಆಪಲ್ ಆ ಖರ್ಚನ್ನು ಮ್ಯಾಕ್ ಪೆಟ್ಟಿಗೆಯ ಬೆಲೆಯೊಳಗೆ ಸೇರಿಸಿ ಮೊದಲೇ ವಸೂಲಿ ಮಾಡಿರುತ್ತಿತ್ತು. ಆ 29 ಡಾಲರ್ ಎನ್ನುವುದು ನೀವು ಆಗಲೇ ಮ್ಯಾಕ್ ಕೊಂಡಿದ್ದೀರಿ ಎಂದುಕೊಂಡು ಹಾಕಿದ ಬೆಲೆ. ಮ್ಯಾಕೇ ಕೊಳ್ಳದವನು ಬಂದು ಅದೇ 29 ಡಾಲರ್ ಕೊಟ್ಟು ಹೋದರೆ ಲೆಕ್ಕ ತಪ್ಪುತ್ತದೆ.

ಇದು ಬರೀ ಊಹೆಯಲ್ಲ. ಆಪಲ್ ಒಮ್ಮೆ ಬೀಗ ತೆಗೆದು ನೋಡಿ ಕೈಸುಟ್ಟುಕೊಂಡಿದೆ.

1990ರ ದಶಕದ ಮಧ್ಯದಲ್ಲಿ ಆಪಲ್‌ನ ಸ್ಥಿತಿ ಚೆನ್ನಾಗಿರಲಿಲ್ಲ. ವಿಂಡೋಸ್ ಎಲ್ಲ ಕಂಪನಿಗಳ ಕಂಪ್ಯೂಟರುಗಳ ಮೇಲೂ ಓಡುತ್ತಾ ಬೆಳೆಯುತ್ತಿತ್ತು. ನಾವೂ ಹಾಗೇ ಮಾಡೋಣ ಅಂತ ಆಪಲ್ ತನ್ನ ಓಎಸ್ ಅನ್ನು ಬೇರೆಯವರಿಗೆ ಲೈಸೆನ್ಸ್ ಕೊಟ್ಟಿತು. 1995ರಲ್ಲಿ ಪವರ್ ಕಂಪ್ಯೂಟಿಂಗ್ ಎಂಬ ಕಂಪನಿಯ ಮೊದಲ ಮ್ಯಾಕ್ ಕ್ಲೋನ್, ಅಂದರೆ ಆಪಲ್ ಓಎಸ್ ಹಾಕಿದ ಬೇರೆಯವರ ಕಂಪ್ಯೂಟರ್, ಮಾರುಕಟ್ಟೆಗೆ ಬಂತು. ಮೊಟೊರೊಲಾ, ಯುಮ್ಯಾಕ್ಸ್, ಡೇಸ್ಟಾರ್ ಮುಂತಾದವರೂ ಸೇರಿಕೊಂಡರು. ಕ್ಲೋನ್ ಮಾಡುವವರು ಆಪಲ್ ತಲುಪದ ಕಡೆಗೆ ಹೋಗಿ ಹೊಸ ಗಿರಾಕಿಗಳನ್ನು ತರುತ್ತಾರೆ, ವಿಂಡೋಸ್ ಕಡೆಯವರನ್ನು ಎಳೆಯುತ್ತಾರೆ ಎಂಬುದು ಆಸೆ.

ಆದದ್ದು ಬೇರೆ. ಕ್ಲೋನ್‌ಗಳು ಆಪಲ್‌ನ ಹಳೇ ಗಿರಾಕಿಗಳನ್ನೇ ಎಳೆದುಕೊಂಡವು. ಅದೂ ಜಾಸ್ತಿ ದುಡ್ಡು ಕೊಡುವ ಗಿರಾಕಿಗಳನ್ನು. ವೇಗದ ಹೊಸ ಪ್ರೊಸೆಸರ್ ಬಂದರೆ ಪವರ್ ಕಂಪ್ಯೂಟಿಂಗ್ ಆಪಲ್‌ಗಿಂತ ಮುಂಚೆ, ಆಪಲ್‌ಗಿಂತ ಕಡಿಮೆ ಬೆಲೆಗೆ ಅದನ್ನು ಹಾಕಿ ಮಾರುತ್ತಿತ್ತು. ಪ್ರತಿ ಕ್ಲೋನ್‌ಗೆ ಆಪಲ್‌ಗೆ ಸಿಗುತ್ತಿದ್ದ ಲೈಸೆನ್ಸ್ ಹಣ, ಕೈತಪ್ಪಿದ ಒಂದು ಮ್ಯಾಕಿನ ಲಾಭದ ಮುಂದೆ ಏನೂ ಅಲ್ಲ. ಓಎಸ್ ಬರೆಯುವ ಖರ್ಚೆಲ್ಲ ಆಪಲ್‌ದು, ಪೆಟ್ಟಿಗೆ ಮಾರುವ ಲಾಭ ಬೇರೆಯವರದು. 1997ರ ಹಣಕಾಸು ವರ್ಷದಲ್ಲಿ ಆಪಲ್ ಸುಮಾರು 100 ಕೋಟಿ ಡಾಲರ್ ನಷ್ಟ ತೋರಿಸಿತು. ನಷ್ಟಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಕ್ಲೋನ್‌ಗಳ ತಲೆಗೆ ಕಟ್ಟುವುದು ಸರಿಯಲ್ಲ.

ಅಷ್ಟರಲ್ಲಿ ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ಜಾಬ್ಸ್ ವಾಪಸ್ ಬಂದಿದ್ದರು. ಕ್ಲೋನ್ ಲೈಸೆನ್ಸ್‌ಗಳು ಸಿಸ್ಟಮ್ 7 ಎಂಬ ಆವೃತ್ತಿಗೆ ಮಾತ್ರ ಸಿಂಧು. ಮುಂದೆ 7.7 ಎಂದು ಬರಬೇಕಿದ್ದ ಆವೃತ್ತಿಗೆ ಆಪಲ್ ಮ್ಯಾಕ್ ಓಎಸ್ 8 ಎಂದು ಹೆಸರಿಟ್ಟು 1997ರ ಜುಲೈನಲ್ಲಿ ಬಿಡುಗಡೆ ಮಾಡಿತು. ಒಂದು ಸಂಖ್ಯೆ ಬದಲಾಯಿತು, ಬಹುತೇಕ ಕ್ಲೋನ್ ಕಂಪನಿಗಳ ಲೈಸೆನ್ಸ್ ಹಿಂದಿನ ಓಎಸ್‌ಗೇ ನಿಂತುಹೋಯಿತು. ಪವರ್ ಕಂಪ್ಯೂಟಿಂಗ್‌ನ ಮ್ಯಾಕ್ ವ್ಯವಹಾರವನ್ನು ಆಪಲ್ 10 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡುಕೊಂಡಿತು. ಅಲ್ಲಿಗೆ ಪ್ರಯೋಗ ಮುಗಿಯಿತು. ಆಮೇಲೆ ಆಪಲ್ ಮತ್ತೆ ಯಾವ ಕಂಪನಿಗೂ ಅಂಥ ಲೈಸೆನ್ಸ್ ಕೊಟ್ಟಿಲ್ಲ.

ಇದರಲ್ಲಿ ಒಂದು ವಿಚಿತ್ರವಿದೆ. ಆಪಲ್ ಬಿಟ್ಟು ಹೋದ ಮೇಲೆ ಜಾಬ್ಸ್ ನೆಕ್ಸ್ಟ್ ಎಂಬ ಕಂಪನಿ ಕಟ್ಟಿದ್ದರು. ಅದು ಮೊದಲು ತನ್ನದೇ ಕಂಪ್ಯೂಟರಿಗೆ ತನ್ನದೇ ಓಎಸ್ ಕೊಡುತ್ತಿತ್ತು. ಕಂಪ್ಯೂಟರ್ ಹೆಚ್ಚು ಮಾರಾಟವಾಗಲಿಲ್ಲ. 1993ರಲ್ಲಿ ಕಂಪ್ಯೂಟರ್ ಮಾಡುವುದನ್ನೇ ನಿಲ್ಲಿಸಿ, ಆ ಓಎಸ್ ಅನ್ನು ಸಾಮಾನ್ಯ ಇಂಟೆಲ್ ಪಿಸಿಗಳಿಗೆ ಮಾರಲು ಹೊರಟಿತು. 1996ರ ಕೊನೆಗೆ ಆಪಲ್ ಆ ಕಂಪನಿಯನ್ನೇ ಕೊಂಡಿತು, ಇವತ್ತಿನ ಮ್ಯಾಕ್‌ಓಎಸ್ ಹುಟ್ಟಿದ್ದು ಅದರಿಂದಲೇ. ಅಂದರೆ ಬೇರೆಯವರ ಪಿಸಿ ಮೇಲೆ ಓಡಲ್ಲ ಎನ್ನುವ ಮ್ಯಾಕ್‌ಓಎಸ್‌ನ ಅಜ್ಜ ಹೊಟ್ಟೆಪಾಡಿಗಾಗಿ ಕಂಡವರ ಪಿಸಿ ಮೇಲೆಲ್ಲ ಓಡಿದವನು. ಗಲ್ಲಾ ಜಾಗ ಬದಲಾಯಿಸಿದಾಗ ಬೀಗವೂ ಬದಲಾಯಿತು.

ಮೈಕ್ರೋಸಾಫ್ಟ್ ಕಥೆ ಇದರ ತಿರುವುಮುರುವು. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿ ತಂದಾಗ ಅದರ ಓಎಸ್ ಕೊಟ್ಟದ್ದು ಮೈಕ್ರೋಸಾಫ್ಟ್. ಆದರೆ ಅದೇ ಓಎಸ್ ಅನ್ನು ಬೇರೆಯವರಿಗೂ ಮಾರುವ ಹಕ್ಕನ್ನು ತನ್ನ ಬಳಿ ಉಳಿಸಿಕೊಂಡಿತು. ಐಬಿಎಂ ಪಿಸಿಯ ಬಹುತೇಕ ಭಾಗಗಳು ಮಾರುಕಟ್ಟೆಯಲ್ಲಿ ಸಿಗುವಂಥವು. ಐಬಿಎಂಗೆ ಮಾತ್ರ ಸೇರಿದ್ದು ಎಂದರೆ ಬಯೋಸ್ ಎಂಬ ಸಣ್ಣ ತಂತ್ರಾಂಶ. ಕಾಂಪ್ಯಾಕ್‌ನಂಥ ಕಂಪನಿಗಳು ಅದನ್ನು ನಕಲು ಮಾಡದೆ ಹೊಸದಾಗಿ ಬರೆದವು. ಒಂದು ಗುಂಪು ಮೂಲವನ್ನು ಓದಿ ಅದು ಏನೇನು ಮಾಡುತ್ತದೆ ಎಂದಷ್ಟೇ ಬರೆದುಕೊಡುವುದು. ಮೂಲವನ್ನು ಕಣ್ಣಲ್ಲೂ ನೋಡದ ಇನ್ನೊಂದು ಗುಂಪು ಆ ಟಿಪ್ಪಣಿ ನೋಡಿ ಹೊಸ ಕೋಡ್ ಬರೆಯುವುದು. ಕಾನೂನಿಗೆ ಕೈಯಾಡಿಸಲು ಜಾಗವೇ ಇಲ್ಲ. ಆಮೇಲೆ ಯಾರು ಪಿಸಿ ಮಾಡಿದರೂ ಮೈಕ್ರೋಸಾಫ್ಟ್‌ಗೆ ದುಡ್ಡು. ಪೆಟ್ಟಿಗೆಗಳ ಬೆಲೆ ಇಳಿದಷ್ಟೂ ಅದಕ್ಕೆ ಒಳ್ಳೆಯದೇ. ಅಂಥ ಕಂಪನಿ ಯಾಕಾದರೂ ಬೀಗ ಹಾಕುತ್ತದೆ?

ಹಾಗಾದರೆ ಮೈಕ್ರೋಸಾಫ್ಟ್ ಉದಾರ, ಆಪಲ್ ಜಿಪುಣ ಅಂತಲಾ? ಅಲ್ಲ. ಅದೇ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ನೋಡಿ. ಈಗಿನ ಎಕ್ಸ್‌ಬಾಕ್ಸ್ ಓಎಸ್‌ನ ಬುಡದಲ್ಲಿರುವುದು ವಿಂಡೋಸೇ, ಒಳಗಿನ ಪ್ರೊಸೆಸರ್ ಕೂಡ ಪಿಸಿ ಜಾತಿಯದ್ದೇ. ಆದರೂ ಆ ಓಎಸ್ ಎಕ್ಸ್‌ಬಾಕ್ಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಗೇಮ್ ಕನ್ಸೋಲ್‌ಗಳ ಪೆಟ್ಟಿಗೆಯಲ್ಲಿ ಲಾಭ ತೀರಾ ಕಡಿಮೆ, ಕೆಲವೊಮ್ಮೆ ನಷ್ಟ. ಮಾರಾಟವಾಗುವ ಪ್ರತಿ ಗೇಮಿನಲ್ಲಿ ಸಿಗುವ ಪಾಲೇ ಸಂಪಾದನೆ. ಬೇರೆ ಅಂಗಡಿಯ ಗೇಮ್ ಒಳಗೆ ಬಂದರೆ ಗಲ್ಲಾ ತೂತಾದಂತೆ.

ಇತ್ತ ಆಪಲ್ 2003ರಲ್ಲಿ, ಐಪಾಡ್‌ಗೆ ಹಾಡು ತುಂಬುವ ಐಟ್ಯೂನ್ಸ್ ತಂತ್ರಾಂಶವನ್ನು ವಿಂಡೋಸ್‌ಗೂ ಬರೆದುಕೊಟ್ಟಿತು. ಐಪಾಡ್ ಮಾರಬೇಕಿತ್ತು, ಐಪಾಡ್ ಕೊಳ್ಳುವ ಬಹಳಷ್ಟು ಜನರ ಮೇಜಿನ ಮೇಲೆ ಇದ್ದದ್ದು ವಿಂಡೋಸ್. 2015ರಲ್ಲಿ ಆಪಲ್ ಮ್ಯೂಸಿಕ್ ಅನ್ನು ಆಂಡ್ರಾಯ್ಡ್‌ಗೂ ತಂದಿತು, ಅಲ್ಲಿ ಹಣ ಬರುವುದು ತಿಂಗಳ ಚಂದಾದಿಂದ. ಒಂದೇ ಕಂಪನಿ ಒಂದು ಕಡೆ ಬಾಗಿಲು ತೆಗೆಯುತ್ತದೆ, ಇನ್ನೊಂದು ಕಡೆ ಮುಚ್ಚುತ್ತದೆ. ಸ್ವಭಾವ ನೋಡಿದರೆ ಇದು ಅರ್ಥವಾಗುವುದಿಲ್ಲ, ಗಲ್ಲಾ ನೋಡಿದರೆ ಆಗುತ್ತದೆ.

ಈಗ ಎಂಜಿನಿಯರುಗಳ ಕಡೆಯ ಮಾತು. ಇದನ್ನು ನೆಪ ಎಂದು ತಳ್ಳಿಹಾಕಬೇಡಿ.

ಓಎಸ್ ಎಂದರೆ ಹಾರ್ಡ್‌ವೇರ್ ಜೊತೆ ಮಾತಾಡುವ ತಂತ್ರಾಂಶ. ಕಂಪ್ಯೂಟರ್ ಎದ್ದ ತಕ್ಷಣ ಅದಕ್ಕೆ ತನ್ನ ಸುತ್ತ ಏನಿದೆ ಎಂದೇ ಗೊತ್ತಿರುವುದಿಲ್ಲ. ಪಿಸಿಯಲ್ಲಿ ಇದಕ್ಕೊಂದು ಒಳ್ಳೆಯ ಪದ್ಧತಿ ಬೆಳೆದಿದೆ. ಪಿಸಿಐ ಎಂಬ ಸಂಪರ್ಕ ಮಾರ್ಗದಲ್ಲಿ ಓಎಸ್ ಒಂದೊಂದೇ ಬಾಗಿಲು ತಟ್ಟುತ್ತಾ ಹೋಗುತ್ತದೆ. ಪ್ರತಿ ಬಾಗಿಲ ಹಿಂದಿರುವ ಸಾಧನ ಎರಡು ಸಂಖ್ಯೆ ಹೇಳಬೇಕು. ತನ್ನನ್ನು ಮಾಡಿದವರು ಯಾರು, ತಾನು ಯಾವ ಮಾದರಿ. ಇಂಟೆಲ್ ಸಾಧನಗಳೆಲ್ಲ ಹೇಳುವ ಸಂಖ್ಯೆ 8086. ಅದು 1978ರಲ್ಲಿ ಬಂದ ಇಂಟೆಲ್ ಪ್ರೊಸೆಸರಿನ ಹೆಸರು, ಯಾರೋ ಹಳೇ ನೆನಪಿಗೆ ಇಟ್ಟುಕೊಂಡದ್ದು. ಮನೆ ಖಾಲಿ ಇದ್ದರೆ ಉತ್ತರದ ಜಾಗದಲ್ಲಿ ಬರೀ ಒಂದುಗಳು ಬರುತ್ತವೆ. ಓಎಸ್ ಮುಂದಿನ ಬಾಗಿಲಿಗೆ ಹೋಗುತ್ತದೆ. ಹೀಗೆ ಯಾರ ಮನೆಗೆ ಹೋದರೂ ತಾನೇ ಪರಿಚಯ ಮಾಡಿಕೊಳ್ಳಬಲ್ಲದ್ದರಿಂದಲೇ ಒಂದೇ ವಿಂಡೋಸ್, ಒಂದೇ ಲಿನಕ್ಸ್ (ಯಾರು ಬೇಕಾದರೂ ಬಳಸಬಹುದಾದ ಉಚಿತ ಓಎಸ್) ಲಕ್ಷಾಂತರ ಬಗೆಯ ಪಿಸಿಗಳ ಮೇಲೆ ಏಳುತ್ತದೆ.

ಫೋನುಗಳಲ್ಲಿ ಈ ಪದ್ಧತಿ ಬೆಳೆಯಲಿಲ್ಲ. ಫೋನುಗಳಲ್ಲಿರುವ ಆರ್ಮ್ ಜಾತಿಯ ಚಿಪ್ಪುಗಳಲ್ಲಿ ಕ್ಯಾಮೆರಾ, ಸ್ಪರ್ಶಪರದೆ, ಚಾರ್ಜಿಂಗ್ ನಿಯಂತ್ರಕ ಇವೆಲ್ಲ ಸರಳ ತಂತಿಗಳ ಮೇಲೆ ಕೂತಿರುತ್ತವೆ. ಬಾಗಿಲು ತಟ್ಟಿದರೂ ಹೆಸರು ಹೇಳುವುದಿಲ್ಲ. ಯಾವ ತಂತಿಯ ಮೇಲೆ ಯಾವುದಿದೆ, ಎಷ್ಟು ವೋಲ್ಟೇಜ್ ಕೊಡಬೇಕು ಎಂಬ ನಕ್ಷೆಯನ್ನು ಮೊದಲೇ ಬರೆದು ಓಎಸ್ ಕೈಗೆ ಕೊಡಬೇಕು. ಆಂಡ್ರಾಯ್ಡ್ ಮೂಲ ಕೋಡ್ ಎಲ್ಲರಿಗೂ ತೆರೆದಿದ್ದರೂ ಒಂದು ಫೋನಿನ ಆಂಡ್ರಾಯ್ಡನ್ನು ಇನ್ನೊಂದು ಫೋನಿಗೆ ಸುಮ್ನೆ ಸುರಿಯಲಾಗದಿರುವುದು ಇದಕ್ಕೇ. ಅಲ್ಲಿ ಬೀಗ ಇಲ್ಲದಿದ್ದರೂ ದಾರಿ ಇಲ್ಲ.

ಪರಿಚಯವಾದ ಮೇಲೂ ಕೆಲಸ ಮುಗಿಯುವುದಿಲ್ಲ. ಪ್ರತಿ ಸಾಧನದ ಭಾಷೆ ಬಲ್ಲ ಡ್ರೈವರ್ ಬೇಕು. ಲಿನಕ್ಸ್ ಕರ್ನಲ್‌ನ (ಓಎಸ್‌ನ ತಿರುಳಿನ) ಕೋಟಿಗಟ್ಟಲೆ ಸಾಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಡ್ರೈವರುಗಳೇ. ಇವು ಬಹಳಷ್ಟು ಸಲ ಓಎಸ್‌ನ ಹೊಟ್ಟೆಯೊಳಗೇ, ಪೂರ್ತಿ ಅಧಿಕಾರದೊಂದಿಗೆ ಓಡುತ್ತವೆ. ಡ್ರೈವರ್ ಎಡವಿದರೆ ಇಡೀ ಕಂಪ್ಯೂಟರ್ ಬೀಳುತ್ತದೆ. 2007ರಲ್ಲಿ ವಿಂಡೋಸ್ ವಿಸ್ಟಾ ಜನರ ಕೈಗೆ ಬಂದಾಗ ಪದೇಪದೇ ಕುಸಿಯುತ್ತದೆ ಎಂಬ ದೂರು ಎಲ್ಲೆಲ್ಲೂ ಇತ್ತು. ಆಮೇಲೆ ಒಂದು ಮೊಕದ್ದಮೆಯಲ್ಲಿ ಹೊರಬಂದ ಮೈಕ್ರೋಸಾಫ್ಟ್ ದಾಖಲೆಗಳ ಪ್ರಕಾರ, ಆ ವರ್ಷ ದಾಖಲಾದ ಕುಸಿತಗಳಲ್ಲಿ ಸುಮಾರು ಶೇ. 29ಕ್ಕೆ ಕಾರಣ ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾದ ಡ್ರೈವರುಗಳು. ಬೈಗುಳ ಬಿದ್ದದ್ದು ಮಾತ್ರ ವಿಸ್ಟಾಗೆ. ಎಲ್ಲರ ಹಾರ್ಡ್‌ವೇರನ್ನೂ ಒಪ್ಪಿಕೊಳ್ಳುವ ಓಎಸ್ ಎಲ್ಲರ ತಪ್ಪನ್ನೂ ಹೊರಬೇಕು.

ಇಪ್ಪತ್ತೋ ಮೂವತ್ತೋ ಮಾದರಿಗಳಿಗೆ ಮಾತ್ರ ಓಎಸ್ ಬರೆಯುವವರಿಗೆ ಈ ತಲೆನೋವು ಕಡಿಮೆ. ಮುಚ್ಚಳ ಮುಚ್ಚಿದರೆ ಮಲಗುತ್ತದೆ, ತೆಗೆದರೆ ಏಳುತ್ತದೆ. ಹ್ಯಾಕಿಂತೋಷ್ ಮಾಡಿದವರನ್ನು ಕೇಳಿ ನೋಡಿ. ಅವರು ವಾರಗಟ್ಟಲೆ ಒದ್ದಾಡುತ್ತಿದ್ದದ್ದು 64 ಅಕ್ಷರಗಳ ಬೀಗದ ಜೊತೆ ಅಲ್ಲ. ನಿದ್ದೆಯಿಂದ ಏಳದ ಪರದೆ, ಸಿಗದ ವೈಫೈ, ಬಾಯಿ ಬಿಡದ ಸ್ಪೀಕರ್, ಇವುಗಳ ಜೊತೆ. ಒಂದು ಅಪ್‌ಡೇಟ್ ಬಂದರೆ ಮತ್ತೆ ಮೊದಲಿನಿಂದ.

ಓಎಸ್, ಹಾರ್ಡ್‌ವೇರ್ ಎರಡನ್ನೂ ಒಬ್ಬರೇ ಮಾಡಿದರೆ ಸಿಗುವ ಇನ್ನೊಂದು ಲಾಭವೂ ಇದೆ. ನನಗೆ ತುಂಬ ಇಷ್ಟವಾದ ಉದಾಹರಣೆ ಇದು. 2020ರ ನವೆಂಬರಿನಲ್ಲಿ ಆಪಲ್ ಇಂಟೆಲ್ ಬಿಟ್ಟು ತನ್ನದೇ ಎಂ1 ಚಿಪ್ ಹಾಕಿದ ಮ್ಯಾಕ್‌ಗಳನ್ನು ತಂದಿತು. ಎಂ1 ಆರ್ಮ್ ಜಾತಿಯದ್ದು. ಇಂಟೆಲ್‌ಗೆ ಬರೆದ ಹಳೇ ಪ್ರೋಗ್ರಾಮುಗಳು ಅದರ ಮೇಲೆ ನೇರ ಓಡುವುದಿಲ್ಲ. ಅದಕ್ಕೆಂದು ರೊಸೆಟ್ಟಾ 2 ಎಂಬ ಅನುವಾದಕ ಕೊಟ್ಟರು. ಆದರೆ ಒಂದು ತೊಡಕಿತ್ತು.

ಚಿಪ್ಪಿನಲ್ಲಿ ಎರಡು ಕೋರ್‌ಗಳಿವೆ, ಅಂದರೆ ಒಟ್ಟಿಗೇ ಲೆಕ್ಕ ಮಾಡಬಲ್ಲ ಎರಡು ಘಟಕಗಳಿವೆ ಅಂದುಕೊಳ್ಳಿ. ಮೊದಲನೆಯದು ಮೆಮೊರಿಯ ಒಂದು ಕಡೆ ಲೆಕ್ಕದ ಉತ್ತರ ಬರೆಯುತ್ತದೆ. ಆಮೇಲೆ ಇನ್ನೊಂದು ಕಡೆ 'ಉತ್ತರ ಸಿದ್ಧ' ಎಂದು ಬಾವುಟ ಏರಿಸುತ್ತದೆ. ಇಂಟೆಲ್‌ನಲ್ಲಿ ಎರಡನೇ ಕೋರ್‌ಗೆ ಇವು ಬರೆದ ಕ್ರಮದಲ್ಲೇ ಕಾಣುತ್ತವೆ. ಆರ್ಮ್‌ನಲ್ಲಿ ಆ ಖಾತ್ರಿ ಇಲ್ಲ. ಬಾವುಟ ಮೊದಲು ಕಂಡು, ಉತ್ತರದ ಜಾಗದಲ್ಲಿ ಇನ್ನೂ ಹಳೇ ಸಂಖ್ಯೆಯೇ ಇರಬಹುದು. ಹಾಗಾಗಿ ಇಂಟೆಲ್ ಪ್ರೋಗ್ರಾಮನ್ನು ಆರ್ಮ್‌ಗೆ ಅನುವಾದಿಸುವವರು ಹೆಜ್ಜೆಹೆಜ್ಜೆಗೂ 'ತಡಿ, ಹಿಂದಿನದು ಮುಗಿಯಲಿ' ಎಂಬ ಸೂಚನೆ ತುರುಕಬೇಕು. ಅದರಿಂದ ವೇಗ ತುಂಬ ಕುಸಿಯುತ್ತದೆ. ಆಪಲ್ ಏನು ಮಾಡಿತು? ಇಂಟೆಲ್ ಕ್ರಮವನ್ನು ಪಾಲಿಸುವ ಒಂದು ಸ್ವಿಚ್ಚನ್ನು ಎಂ1 ಚಿಪ್ಪಿನೊಳಗೇ ಕೊರೆದಿಟ್ಟಿತು. ಹಳೇ ಪ್ರೋಗ್ರಾಮ್ ಓಡುವಾಗ ಓಎಸ್ ಆ ಸ್ವಿಚ್ ಹಾಕುತ್ತದೆ, ಹೊಸದು ಓಡುವಾಗ ತೆಗೆಯುತ್ತದೆ. ಒಂದು ತಂತ್ರಾಂಶದ ಕೆಲವು ವರ್ಷಗಳ ಕಷ್ಟಕ್ಕಾಗಿ ಸಿಲಿಕಾನಿನಲ್ಲೇ ಜಾಗ ಮಾಡಿಕೊಡುವುದು ಓಎಸ್ ಮತ್ತು ಚಿಪ್ ಎರಡೂ ಒಂದೇ ಸೂರಿನಡಿ ಇದ್ದಾಗ ತುಂಬ ಸುಲಭ.

ಸುರಕ್ಷತೆಯದ್ದೂ ಇದೇ ಕಥೆ, ಬೇಗ ಹೇಳಿ ಮುಗಿಸುತ್ತೇನೆ. ಐಫೋನಿನ ಚಿಪ್ಪಿನಲ್ಲಿ ಕಾರ್ಖಾನೆಯಲ್ಲೇ ಅಚ್ಚೊತ್ತಿದ, ಆಮೇಲೆ ತಿದ್ದಲಾಗದ ಒಂದು ಸಣ್ಣ ಪ್ರೋಗ್ರಾಮ್ ಇದೆ. ಫೋನ್ ಆನ್ ಆದಾಗ ಮೊದಲು ಓಡುವುದು ಅದು. ಮುಂದಿನ ಹಂತದ ತಂತ್ರಾಂಶಕ್ಕೆ ಆಪಲ್‌ನ ಡಿಜಿಟಲ್ ಸಹಿ ಇದೆಯೇ ಎಂದು ನೋಡಿ ಮಾತ್ರ ಮುಂದೆ ಬಿಡುತ್ತದೆ. ಆ ಹಂತ ಅದರ ಮುಂದಿನದನ್ನು ನೋಡುತ್ತದೆ. ಕಳ್ಳನೊಬ್ಬ ಫೋನ್ ಕದ್ದರೂ ತನ್ನ ಓಎಸ್ ತುಂಬಿ ನಿಮ್ಮ ಮಾಹಿತಿ ತೆಗೆಯಲಾಗದಿರುವುದು ಇದರಿಂದ. ಹಣ ಕೊಟ್ಟು ಕೊಂಡ ನೀವೂ ಬೇರೆ ಓಎಸ್ ತುಂಬಲಾಗದಿರುವುದು ಇದರಿಂದಲೇ. ಸರಪಳಿಗೆ ಕಳ್ಳನೂ ಒಂದೇ, ಮಾಲೀಕನೂ ಒಂದೇ.

ಇನ್ನು ಕಾನೂನು. ಮ್ಯಾಕ್‌ಓಎಸ್ ಇನ್‌ಸ್ಟಾಲ್ ಮಾಡುವಾಗ ಯಾರೂ ಓದದೆ ಒಪ್ಪಿಕೊಳ್ಳುವ ಕರಾರಿನಲ್ಲಿ, ಇದನ್ನು ಆಪಲ್ ಹೆಸರಿನ ಕಂಪ್ಯೂಟರಿನ ಮೇಲೆ ಮಾತ್ರ ಬಳಸಬೇಕು ಎಂಬ ಮಾತಿದೆ. ಹಿಂದೆ ಅದು 'ಆಪಲ್ ಲೇಬಲ್ ಇರುವ' ಎಂದಿತ್ತು. ಪೆಟ್ಟಿಗೆ ಜೊತೆ ಬರುವ ಆಪಲ್ ಸ್ಟಿಕ್ಕರನ್ನು ಪಿಸಿಗೆ ಅಂಟಿಸಿಕೊಂಡರೆ ಸಾಕಲ್ಲ ಎಂಬ ಜೋಕು ಆಗ ಓಡಾಡುತ್ತಿತ್ತು.

2008ರ ಏಪ್ರಿಲ್‌ನಲ್ಲಿ ಅಮೆರಿಕದ ಸೈಸ್ಟಾರ್ ಎಂಬ ಸಣ್ಣ ಕಂಪನಿ ಮ್ಯಾಕ್‌ಓಎಸ್ ಓಡುವ ಪಿಸಿಯನ್ನು 399 ಡಾಲರಿನಿಂದ ಮಾರಲು ಹೊರಟಿತು. ನಾವು ಕದಿಯುತ್ತಿಲ್ಲ, ಪ್ರತಿ ಪಿಸಿಗೂ ಒಂದು ಮ್ಯಾಕ್‌ಓಎಸ್ ಡಿವಿಡಿ ದುಡ್ಡು ಕೊಟ್ಟು ಕೊಂಡು ಜೊತೆಗೇ ಕೊಡುತ್ತೇವೆ ಎಂಬುದು ಅದರ ವಾದ. ಕೇಳಲು ಚೆನ್ನಾಗಿದೆ. ಆದರೆ ಪಿಸಿಗೆ ತುಂಬುತ್ತಿದ್ದದ್ದು ಆ ಡಿವಿಡಿಯಿಂದ ಅಲ್ಲ. ಮ್ಯಾಕ್ ಮಿನಿ ಎಂಬ ಪುಟ್ಟ ಆಪಲ್ ಕಂಪ್ಯೂಟರಿನಿಂದ ಪ್ರತಿ ತೆಗೆದು, ತಿದ್ದಿ, ಆ ತಿದ್ದಿದ ಮೂಲಪ್ರತಿಯಿಂದಲೇ ಎಲ್ಲ ಪಿಸಿಗಳಿಗೂ ಸುರಿಯುತ್ತಿದ್ದರು. ಜೊತೆಗಿದ್ದ ಡಿವಿಡಿ ಬಿಚ್ಚದೆ ಹಾಗೇ ಇರುತ್ತಿತ್ತು. ಆಪಲ್ ಕೋರ್ಟಿಗೆ ಹೋಯಿತು. 2009ರ ನವೆಂಬರಿನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಇದನ್ನು ಕೃತಿಸ್ವಾಮ್ಯದ ಉಲ್ಲಂಘನೆ ಎಂದರು. ಜೊತೆಗೆ, ರಕ್ಷಣೆಗೆಂದು ಇಟ್ಟ ತಾಂತ್ರಿಕ ಬೀಗವನ್ನು ತಪ್ಪಿಸಿದ್ದೂ ಪ್ರತ್ಯೇಕ ತಪ್ಪು ಎಂದರು. ಅಮೆರಿಕದ ಡಿಎಂಸಿಎ ಎಂಬ ಡಿಜಿಟಲ್ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಬೀಗ ಎಷ್ಟು ಗಟ್ಟಿ ಎನ್ನುವುದಕ್ಕಿಂತ ಬೀಗ ಇತ್ತು, ಅದನ್ನು ದಾಟಿದರು ಎನ್ನುವುದು ದೊಡ್ಡದು. ಆ 64 ಅಕ್ಷರಗಳ ಬೇಡಿಕೆ ಇಲ್ಲಿ ಕೆಲಸಕ್ಕೆ ಬಂತು.

ಸೈಸ್ಟಾರ್ ಮೇಲ್ಮನವಿಯಲ್ಲಿ ಬೇರೆ ಪಟ್ಟು ಹಾಕಿತು. ಸಾಫ್ಟ್‌ವೇರಿನ ಹಕ್ಕನ್ನು ಹಿಡಿದು ಹಾರ್ಡ್‌ವೇರ್ ಮಾರಾಟವನ್ನು ಕಟ್ಟಿಹಾಕುವುದು ಹಕ್ಕಿನ ದುರ್ಬಳಕೆ ಅಲ್ವಾ ಎಂದು ಕೇಳಿತು. ನನಗಂತೂ ಇದು ಗಟ್ಟಿ ಪ್ರಶ್ನೆ ಅನ್ನಿಸುತ್ತದೆ. 2011ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಬೇರೆಯವರು ತಮ್ಮದೇ ಓಎಸ್ ಬರೆದುಕೊಳ್ಳುವುದನ್ನು ಆಪಲ್ ತಡೆಯುತ್ತಿಲ್ಲ, ತನ್ನದನ್ನು ತನ್ನ ಕಂಪ್ಯೂಟರಿನಲ್ಲೇ ಬಳಸಿ ಎನ್ನುತ್ತಿದೆ ಅಷ್ಟೆ ಎಂಬುದು ತೀರ್ಪಿನ ತಿರುಳು.

ಈ ಕರಾರು ಎಷ್ಟು ದೂರ ಕೈಚಾಚುತ್ತದೆ ಎಂದರೆ, 2020ರ ಕೊನೆಗೆ ಅಮೆಜಾನ್ ತನ್ನ ಕ್ಲೌಡ್ ಸೇವೆಯಲ್ಲಿ ಮ್ಯಾಕ್‌ಓಎಸ್ ಬಾಡಿಗೆಗೆ ಕೊಡಲು ಶುರು ಮಾಡಿದಾಗ ನಿಜವಾದ ಮ್ಯಾಕ್ ಮಿನಿಗಳನ್ನೇ ತಂದು ಡೇಟಾ ಸೆಂಟರಿನ ರ‍್ಯಾಕ್‌ಗಳಲ್ಲಿ ಜೋಡಿಸಿತು. ಒಂದು ದೊಡ್ಡ ಸರ್ವರನ್ನು ಕಾಲ್ಪನಿಕವಾಗಿ ಹತ್ತಾರು ಕಂಪ್ಯೂಟರುಗಳಾಗಿ ಸೀಳಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವುದೇ ಆ ಕಂಪನಿಯ ಕಸುಬು. ಇಲ್ಲಿ ಮಾತ್ರ ಪುಟ್ಟ ಪೆಟ್ಟಿಗೆಗಳ ಸಾಲು, ಕನಿಷ್ಠ 24 ಗಂಟೆಯ ಬಾಡಿಗೆ. ಆ 24 ಗಂಟೆಯೂ ಆಪಲ್ ಕರಾರಿನಲ್ಲಿರುವ ಷರತ್ತೇ.

ಬೀಗದ ವಿಷಯದಲ್ಲಿ ಆಪಲ್ ಮೊದಲನೆಯದೂ ಅಲ್ಲ. ಐಬಿಎಂನ ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರುಗಳಲ್ಲಿ ಒಂದು ಕಾಲಕ್ಕೆ ಓಎಸ್‌ಗೆ ಬೇರೆ ಬಿಲ್ಲೇ ಇರಲಿಲ್ಲ. 1969ರಲ್ಲಿ ಐಬಿಎಂ ಸಾಫ್ಟ್‌ವೇರಿಗೆ ಬೇರೆ ಬೆಲೆ ಹಾಕುವುದಾಗಿ ಹೇಳಿದಾಗಲೂ ಮೂಲ ಓಎಸ್ ಪುಕ್ಕಟೆಯಾಗಿಯೇ ಉಳಿಯಿತು. ಐಬಿಎಂನಲ್ಲೇ ಆ ಕಂಪ್ಯೂಟರುಗಳ ವಿನ್ಯಾಸ ಮಾಡಿದ್ದ ಜೀನ್ ಆಮ್ಡಾಲ್ ಹೊರಗೆ ಹೋಗಿ, 1975ರಲ್ಲಿ ಅದೇ ಓಎಸ್ ಓಡಿಸುವ ತಮ್ಮದೇ ಯಂತ್ರ ಮಾರಿದರು. ಆಮೇಲಾಮೇಲೆ ಐಬಿಎಂ ಓಎಸ್‌ಗೂ ಬೆಲೆ ಹಾಕಿತು, ಮೂಲ ಕೋಡ್ ಕೊಡುವುದನ್ನೂ ನಿಲ್ಲಿಸುತ್ತಾ ಬಂತು. ಇವತ್ತು ಹರ್ಕ್ಯುಲಿಸ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಸಾಮಾನ್ಯ ಪಿಸಿಯೂ ಐಬಿಎಂ ಮೇನ್‌ಫ್ರೇಮ್ ವೇಷ ಹಾಕಬಲ್ಲದು. ಐಬಿಎಂನ ಓಎಸ್ ಅದರ ಮೇಲೆ ಓಡಲು ತಾಂತ್ರಿಕವಾಗಿ ಅಡ್ಡಿಯಿಲ್ಲ, ಲೈಸೆನ್ಸ್ ಇಲ್ಲ ಅಷ್ಟೆ. ಒಂದು ಕಂಪನಿ ಲೈಸೆನ್ಸ್ ಕೇಳಿ ಇಲ್ಲ ಎನಿಸಿಕೊಂಡು ಯುರೋಪಿಯನ್ ಒಕ್ಕೂಟಕ್ಕೆ ದೂರು ಕೊಟ್ಟಿತ್ತು. 2011ರಲ್ಲಿ ದೂರು ವಾಪಸಾಯಿತು.

ಬೀಗ ಎರಡು ದಿಕ್ಕಿಗೂ ಬೀಳುತ್ತದೆ ಎನ್ನುವುದನ್ನು ಜನ ಮರೆಯುತ್ತಾರೆ. ಓಎಸ್ ಹೊರಗೆ ಹೋಗದಂತೆ ಹಾಕುವುದು ಒಂದು, ಬೇರೆ ಓಎಸ್ ಒಳಗೆ ಬರದಂತೆ ಹಾಕುವುದು ಇನ್ನೊಂದು. ಮ್ಯಾಕ್‌ನಲ್ಲಿ ಎರಡನೆಯದು ಇಲ್ಲ. ಎಂ1 ಮ್ಯಾಕ್‌ಗಳಲ್ಲೂ ಮಾಲೀಕರು ಭದ್ರತೆಯ ಮಟ್ಟ ಇಳಿಸಿ ಬೇರೆ ಕರ್ನಲ್ ಓಡಿಸಲು ಆಪಲ್ ದಾರಿ ಬಿಟ್ಟಿದೆ. ಆದರೆ ಒಳಗಿನ ಹಾರ್ಡ್‌ವೇರ್ ಹೇಗೆ ಕೆಲಸ ಮಾಡುತ್ತದೆ ಎಂಬ ವಿವರವನ್ನು ಕೊಟ್ಟಿಲ್ಲ. ಆಸಾಹಿ ಲಿನಕ್ಸ್ ಎಂಬ ತಂಡ ಅದನ್ನೆಲ್ಲ ಕತ್ತಲಲ್ಲಿ ತಡಕಾಡಿ ಕಂಡುಹಿಡಿದು, 2022ರಲ್ಲಿ ಮೊದಲ ಸಾರ್ವಜನಿಕ ಆವೃತ್ತಿ ಕೊಟ್ಟಿತು. ಸೋನಿ ಇದಕ್ಕೆ ತದ್ವಿರುದ್ಧ. ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಹಾಕಿಕೊಳ್ಳುವ ಸೌಲಭ್ಯ ಮೊದಲಿನಿಂದ ಇತ್ತು. ಅಮೆರಿಕದ ವಾಯುಪಡೆಯ ಸಂಶೋಧಕರು 1,760 ಪ್ಲೇಸ್ಟೇಷನ್‌ಗಳನ್ನು ಜೋಡಿಸಿ ಒಂದು ಸೂಪರ್‌ಕಂಪ್ಯೂಟರನ್ನೇ ಕಟ್ಟಿದರು. ಅವುಗಳ ಮೇಲೆ ಒಂದೇ ಒಂದು ಗೇಮ್ ಕೊಳ್ಳದ ಗಿರಾಕಿಯಿಂದ ಸೋನಿಗೆ ಏನು ಸಿಕ್ಕೀತು ಎಂದು ನೀವೇ ಲೆಕ್ಕ ಹಾಕಿ. 2010ರ ಏಪ್ರಿಲ್ 1ರಂದು ಬಂದ ಅಪ್‌ಡೇಟ್ ಆ ಸೌಲಭ್ಯವನ್ನು ತೆಗೆದುಹಾಕಿತು. ಸೋನಿ ಕೊಟ್ಟ ಕಾರಣ ಸುರಕ್ಷತೆ.

ಹ್ಯಾಕಿಂತೋಷ್ ಮಾಡುವವರ ಕಾಲವೂ ಮುಗಿಯುತ್ತಾ ಬಂದಿದೆ. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ ಎಂದು ಆಪಲ್ ಹೇಳಿದೆ. ಅದರ ಮುಂದಿನದನ್ನು ಆಪಲ್‌ನ ಸ್ವಂತ ಚಿಪ್ಪಿಗೆ ಮಾತ್ರ ಬರೆಯುತ್ತಾರೆ. ಸಾಧನಗಳ ಕರೆಯನ್ನು ಪ್ರೊಸೆಸರಿಗೆ ಮುಟ್ಟಿಸುವ ಇಂಟರಪ್ಟ್ ನಿಯಂತ್ರಕದಿಂದ ಹಿಡಿದು ಗ್ರಾಫಿಕ್ಸ್‌ವರೆಗೆ ಅದರಲ್ಲಿರುವುದೆಲ್ಲ ಆಪಲ್‌ನದೇ, ಬಿಡಿಯಾಗಿ ಯಾರಿಗೂ ಮಾರುವುದಿಲ್ಲ. ಇನ್ನು ಮೇಲೆ 'ದಯವಿಟ್ಟು ಕದಿಯಬೇಡಿ' ಎಂದು ಯಾವ ಚಿಪ್ಪಿನಲ್ಲೂ ಬರೆದಿಡಬೇಕಾಗಿಲ್ಲ.